ನಮ್ಮ ಮನೆಯಲ್ಲಿ ಈಗ ಓದುತ್ತಿರುವುದು

ಕಾಸರಗೋಡಿನ ಕನ್ನಡಿಗರೆಂದು ನಮ್ಮನ್ನು ನಾವು ಕರೆದುಕೊಳ್ಳುವಾಗ, ಹೊರಗಿನವರಿಗೆ ಸುಲಭವಾಗಿ ತಿಳಿಯದ ಸಂಗತಿಯೊಂದು ಅದರಲ್ಲಿ ಅಡಗಿರುತ್ತದೆ. ನಮ್ಮಲ್ಲಿ ಬಹುಮಂದಿಯ ಮನೆಮಾತು ಪುಸ್ತಕದ ಕನ್ನಡವಲ್ಲ. ಒಬ್ಬರದು ತುಳು, ಇನ್ನೊಬ್ಬರದು ಕೊಂಕಣಿ, ಮತ್ತೊಬ್ಬರದು ಮರಾಟಿ ಅಥವಾ ಬ್ಯಾರಿ. ಹವ್ಯಕರ ಮನೆಯ ಕನ್ನಡವಾದರೋ ಬೇರೆಯೇ ಒಂದು ಸೊಗಸಿನದು. ಪೇಟೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ. ಹೀಗಿರುವಾಗ ಕನ್ನಡವು ನಮಗೆ ಎಲ್ಲಿಂದ ಬಂತು? ಶಾಲೆಯಿಂದ, ಯಕ್ಷಗಾನದ ಬಯಲಿನಿಂದ, ಪುಸ್ತಕದಿಂದ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇಬ್ಬರೂ ಕನ್ನಡದ ಕವಿಗಳಾದರು. ಬೆಂಗಳೂರಿನವರೋ ಧಾರವಾಡದವರೋ ಓದುವುದನ್ನು ಬಿಟ್ಟರೆ ಅವರ ಓದು ಮಾತ್ರ ನಿಲ್ಲುತ್ತದೆ. ನಾವು ಬಿಟ್ಟರೆ ನಮ್ಮ ಕನ್ನಡವೇ ನಿಂತುಹೋಗುತ್ತದೆ.

ಆದಕಾರಣ, "ಈಗ ಏನನ್ನು ಓದುತ್ತಿದ್ದೀರಿ?" ಎಂಬ ಪ್ರಶ್ನೆಯು ನಮ್ಮೊಳಗೆ "ಊಟವಾಯಿತೇ?" ಎಂಬಷ್ಟೇ ಸಹಜವಾಗಬೇಕೆಂದು ನನ್ನ ಆಸೆ. ಕೇರಳದ ಶಾಲೆಗಳಲ್ಲಿ ಜೂನ್ ೧೯ನ್ನು ವಾಚನಾ ದಿನವಾಗಿ ಆಚರಿಸುತ್ತೇವೆ. ಗ್ರಂಥಾಲಯ ಚಳವಳಿಯನ್ನು ಕಟ್ಟಿ ಬೆಳೆಸಿದ ಪಿ. ಎನ್. ಪಣಿಕ್ಕರ್ ಅವರು ೧೯೯೫ರಲ್ಲಿ ತೀರಿಕೊಂಡ ದಿನವದು. ಅವರೂ ಶಾಲಾ ಅಧ್ಯಾಪಕರಾಗಿದ್ದವರೆಂಬುದು ನಮ್ಮ ವೃತ್ತಿಯವರಿಗೊಂದು ಹೆಮ್ಮೆ. ಆ ದಿನ ಮಕ್ಕಳು ಪ್ರತಿಜ್ಞೆ ಹೇಳುತ್ತಾರೆ, ಪುಸ್ತಕ ಪರಿಚಯ ಮಾಡುತ್ತಾರೆ. ಆದರೆ ಆಷಾಢ ಕಳೆಯುವಷ್ಟರಲ್ಲಿ ಆ ಉತ್ಸಾಹ ಇಳಿದಿರುತ್ತದೆ. ಮಕ್ಕಳನ್ನು ದೂರಿ ಫಲವಿಲ್ಲ. ಮನೆಯಲ್ಲಿ ಹಿರಿಯರ ಕೈಯಲ್ಲಿ ಎಂದೂ ಪುಸ್ತಕವನ್ನು ಕಾಣದ ಮಗು, ಓದೆಂಬುದು ಪರೀಕ್ಷೆಗಾಗಿ ಇರುವ ಕೆಲಸವೆಂದೇ ತಿಳಿಯುತ್ತದೆ.

ನಮ್ಮ ಊರಿನ ನಾಲ್ಕಾರು ಮನೆಗಳಲ್ಲಿ ಈಚೆಗೆ ಕೈಯಿಂದ ಕೈಗೆ ಸಾಗುತ್ತಿರುವ ಕೆಲವು ಪುಸ್ತಕಗಳ ವಿಚಾರವನ್ನು ಹೇಳುತ್ತೇನೆ. ಹೊಸತೇನೂ ಅಲ್ಲ, ಬಲ್ಲವರು ಬಲ್ಲವೇ ಆಗಿವೆ. ಪ್ರೌಢಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ನಾನು ಮೊದಲು ಕೊಡುವುದು ಬಿ. ಜಿ. ಎಲ್. ಸ್ವಾಮಿಯವರ 'ಹಸಿರು ಹೊನ್ನು'. ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕೃತಿ. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಕತೆಯದು; ಚಿತ್ರಗಳೂ ಅವರವೇ. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದುಕೊಂಡೇ ಕನ್ನಡದಲ್ಲಿ ಬರೆದವರು. ಗಡಿಯಾಚೆಗಿದ್ದ ಮಾತ್ರಕ್ಕೆ ಭಾಷೆ ಬಡವಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ನಗುಮುಖದ ಸಾಕ್ಷಿ ಬೇಕೆ? ಈ ಪುಸ್ತಕವನ್ನು ಕೊಂಡುಹೋದ ಹುಡುಗನೊಬ್ಬ ಮರುವಾರವೇ ನಾಲ್ಕು ಬಗೆಯ ಸೊಪ್ಪನ್ನು ತಂದು, ಅವುಗಳ ಹೆಸರು ಹೇಳಿರೆಂದು ನನ್ನ ಮೇಜಿನ ಮೇಲೆ ಹರಡಿದ. ಮೂರಕ್ಕೆ ನಾನು ಹೇಳಿದೆ. ನಾಲ್ಕನೆಯದನ್ನು ಅವನ ಅಜ್ಜಿಯೇ ಹೇಳಬೇಕಾಯಿತು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಗಾತ್ರದಲ್ಲಿ ಸಣ್ಣದು, ಓದಿ ಮುಗಿಸಿದ ಮೇಲೆ ಮನಸ್ಸಿನ ಮೇಲೆ ಕೂರುವ ಭಾರ ಸಣ್ಣದಲ್ಲ. ನಮ್ಮದೇ ಹೊಳೆಯ ದಡದ ಕತೆ. ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತ ಮುಸ್ಲಿಂ ಹೆಣ್ಣುಮಗಳು ಬರೆದದ್ದು. ಮಗಳ ಬಾಳನ್ನು ತಂದೆ ತನ್ನ ಹಟದ ವಸ್ತುವಾಗಿ ಮಾಡಿಕೊಂಡರೆ ನಾದಿರಾಳಂತಹ ಹುಡುಗಿಗೆ ಏನಾಗುತ್ತದೆಂಬುದನ್ನು ಲೇಖಕಿ ಸ್ವಲ್ಪವೂ ಕೂಗಾಡದೆ ಹೇಳಿದ್ದಾರೆ. ಇದು ಒಂದು ಸಮುದಾಯದ ಕತೆ ಮಾತ್ರವೆಂದು ಬದಿಗಿಡುವವರಿಗೆ, ತಮ್ಮ ಮನೆಯ ಜಗಲಿಯನ್ನೊಮ್ಮೆ ನೋಡಿಕೊಳ್ಳಿರೆಂದು ಹೇಳಬೇಕೆನಿಸುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಎರಡು ಮಕ್ಕಳ ತಾಯಿ, ಅದನ್ನು ಒಯ್ದು ಒಂದು ತಿಂಗಳ ಬಳಿಕ ಹೊಸ ಬೈಂಡು ಹಾಕಿ ಹಿಂದಕ್ಕೆ ತಂದುಕೊಟ್ಟಳು. "ಮಾಷ್ಟ್ರೇ, ರಾತ್ರಿ ರಾತ್ರಿ ಇದನ್ನು ನನ್ನ ಅತ್ತೆಗೆ ಮಲಯಾಳದಲ್ಲಿ ಹೇಳಿದೆ" ಎಂದಳು. ಅತ್ತೆ ಏನೆಂದರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಧ್ಯಾಪಕ ಮಿತ್ರರಿಗೆ ಕಯ್ಯಾರರ ಆತ್ಮಕಥನ 'ದುಡಿತವೇ ನನ್ನ ದೇವರು' ಇದ್ದೇ ಇದೆ. ಪೆರಡಾಲದ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ತೋಟದಲ್ಲಿ ದುಡಿದು, ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿದ ಈ ನೆಲದ ನೋವನ್ನು ಹೊತ್ತು ನಡೆದು, ನೂರು ವರ್ಷ ತುಂಬಿಸಿ ೨೦೧೫ರಲ್ಲಿ ಅಗಲಿದ ಹಿರಿಯರ ಬಾಳು ಅದು.

ಪುಸ್ತಕ ಸಿಗುವುದು ಹೇಗೆ ಎಂದು ಕೇಳುವಿರಿ. ಕಷ್ಟವೇ ಸರಿ. ನಮ್ಮ ಹತ್ತಿರದ ಪೇಟೆಯ ಅಂಗಡಿಯಲ್ಲಿ ಕನ್ನಡದ್ದೆಂದರೆ ಪಂಚಾಂಗ, ಪಠ್ಯಪುಸ್ತಕದ ಗೈಡು, ಅಲ್ಲಿಗೆ ಮುಗಿಯಿತು. ಮಂಗಳೂರಿಗೆ ಆಸ್ಪತ್ರೆಗೆಂದು ಹೋಗುವವರ ಕೈಯಲ್ಲಿ ಮದ್ದಿನ ಚೀಟಿಯೊಡನೆ ಪುಸ್ತಕದ ಚೀಟಿಯನ್ನೂ ಇಡುವುದು ನಮ್ಮೂರಿನ ಕ್ರಮ. ೨೦೨೦ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ ರೋಗಿಗಳ ವಾಹನಗಳೇ ಹಿಂದಿರುಗಬೇಕಾಗಿ ಬಂದಾಗ, ಪುಸ್ತಕದ ಮಾತೆಲ್ಲಿ ಬಂತು! ಆ ತಿಂಗಳುಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಹಳೆಯವನ್ನೇ ಇಳಿಸಿ, ಗೆದ್ದಲು ಕೊಡವಿ, ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಗಟ್ಟಿಯಾಗಿ ಓದುವ ರೂಢಿಯನ್ನು ನಮ್ಮ ಮನೆಯಲ್ಲಿ ಆರಂಭಿಸಿದೆವು. ಅದು ಇಂದಿಗೂ ನಡೆದಿದೆ.

ಈ ಮಳೆಗಾಲದಲ್ಲಿ ಹಿಡಿದದ್ದು ಶಿವರಾಮ ಕಾರಂತರ 'ಬೆಟ್ಟದ ಜೀವ'. ೧೯೪೩ರ ಕಾದಂಬರಿ. ತರಬೇತಿ ಶಾಲೆಯ ದಿನಗಳಲ್ಲಿ ಅದನ್ನು ಮೊದಲು ಓದಿದಾಗ ನನ್ನ ಮನಸ್ಸನ್ನು ಸೆಳೆದದ್ದು ಕುಮಾರ ಪರ್ವತದ ತಪ್ಪಲಿನ ಕಾಡು, ಆನೆ, ಹುಲಿ. ಈಗ ಕಿವಿ ನಿಲ್ಲುವುದು ಗೋಪಾಲಯ್ಯನ ಮಾತಿನಲ್ಲಿ. ಕಾಡು ಕಡಿದು ತೋಟ ಮಾಡಿದ ಆ ಮುದುಕ ದಾರಿ ತಪ್ಪಿ ಬಂದ ಅಪರಿಚಿತನಿಗೆ ಉಪಚಾರ ಮಾಡುತ್ತಾನೆ, ಹೆಂಡತಿ ಶಂಕರಮ್ಮನನ್ನು ಹಾಸ್ಯ ಮಾಡುತ್ತಾನೆ, ನಗಿಸುತ್ತಾನೆ; ಮನೆಬಿಟ್ಟು ಹೋದ ಮಗ ಶಂಭುವಿನ ನೆನಪನ್ನು ಆ ನಗೆಯ ಅಡಿಯಲ್ಲಿ ಮುಚ್ಚಿಡುತ್ತಾನೆ. ಶಂಕರಮ್ಮನಿಗೆ ಮುಚ್ಚಿಡಲಾಗುವುದಿಲ್ಲ.

ಕೇಳುವವರಲ್ಲಿ ಮೊದಲಿಗರು ನನ್ನ ತಾಯಿ. ಎಂಬತ್ತು ದಾಟಿದೆ. ಅಕ್ಷರ ಕಲಿತವರಲ್ಲ, ಮಾತೆಲ್ಲ ತುಳುವಿನಲ್ಲಿ. ಆದರೆ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ರಾತ್ರಿಯಿಡೀ ಕುಳಿತು ಕೇಳಿದ ಕಿವಿಗೆ ಕಾರಂತರ ಕನ್ನಡ ಕಷ್ಟವೇ? ಆನೆಯ ವಿಚಾರ ಬಂದಾಗ ನಕ್ಕರು. ಗೋಪಾಲಯ್ಯನ ಬೆಲ್ಲ-ನೀರಿನ ಉಪಚಾರಕ್ಕೆ ತಲೆದೂಗಿದರು. ಶಂಕರಮ್ಮ ಮಗನ ಮಾತೆತ್ತಿದ ಸಂಜೆ ಮಾತ್ರ, "ಇನಿಕ್ ಯಾವು ಮಗಾ" ಎಂದು ಎದ್ದುಹೋದರು. ಇವತ್ತಿಗೆ ಸಾಕು ಎಂದರ್ಥ. ನನ್ನ ಅಣ್ಣ ಮುಂಬಯಿಗೆ ಹೋಗಿ ಮೂವತ್ತೈದು ವರ್ಷಗಳಾದವು. ಜಗಳವಿಲ್ಲ, ಮುನಿಸಿಲ್ಲ, ಹಣ ಕಳುಹಿಸುತ್ತಾನೆ, ಬರುವುದು ಮಾತ್ರ ಅಪರೂಪ. ಮರುದಿನ ದೀಪ ಹಚ್ಚಿದೊಡನೆ ಪುಸ್ತಕವನ್ನು ಅಮ್ಮನೇ ತಂದು ನನ್ನ ಮುಂದಿಟ್ಟರು. ಇನ್ನೊಂದು ಪ್ರತಿ ಸಿಕ್ಕಿದರೆ ಅಣ್ಣನಿಗೆ ಕಳುಹಿಸೆಂದರು.

ಪುತ್ತೂರಿನಿಂದ ತರಿಸಿ ಅಂಚೆಗೆ ಹಾಕಿದೆ; ಕಾಗದವೇನೂ ಬರೆಯಲಿಲ್ಲ. ಎರಡು ವಾರ ಕಳೆದು ಅಣ್ಣ ಫೋನು ಮಾಡಿದ. ಕನ್ನಡ ಪುಸ್ತಕ ಹಿಡಿಯದೆ ಬಹಳ ವರ್ಷಗಳಾದವು, ಒತ್ತಕ್ಷರಗಳು ಬಂದಾಗ ಕಣ್ಣು ತಡವರಿಸುತ್ತದೆ, ದಿನಕ್ಕೆ ನಾಲ್ಕು ಪುಟವಾಗುತ್ತದೆ ಎಂದ. ಮಕ್ಕಳಿಗೆ ಓದಲು ಬಾರದು, ಆದರೆ ಸಣ್ಣವಳು ಪಕ್ಕದಲ್ಲಿ ಕುಳಿತು ಕೇಳುತ್ತಾಳಂತೆ. ಬಳಿಕ ಅಮ್ಮನೊಡನೆ ಗೋಪಾಲಯ್ಯನ ತೋಟದ ವಿಚಾರವನ್ನು ಬಹಳ ಹೊತ್ತು ಮಾತನಾಡಿದ. ನೆರೆಮನೆಯವರ ಸುದ್ದಿಯನ್ನು ಆಡುವಂತೆಯೇ ಇತ್ತು.

ನಮ್ಮ ಮನೆಯಲ್ಲಿ ಪುಸ್ತಕ ಮುಗಿದಿದೆ. ಅವನು ಇನ್ನೂ ಅರ್ಧದಲ್ಲಿದ್ದಾನೆ. ಕೊನೆಗೆ ಏನಾಗುತ್ತದೆಂಬುದನ್ನು ಅವನಿಗೆ ಯಾರೂ ಹೇಳಕೂಡದೆಂದು ಅಮ್ಮನ ಕಟ್ಟಪ್ಪಣೆಯಾಗಿದೆ.