ಆನ್ ವೆರೋನಿಕಾ ನಡೆದ ಹಾದಿಯಲ್ಲಿ

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ನೈರುತ್ಯ ದಿಕ್ಕಿಗೆ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ವೂಸ್ಟರ್ ಪಾರ್ಕ್ ಸಿಗುತ್ತದೆ. ಪ್ರವಾಸಿಗರು ಹುಡುಕಿಕೊಂಡು ಹೋಗುವಂಥ ಊರೇನಲ್ಲ. ಸಾಲು ಮನೆಗಳು, ಮನೆಯ ಮುಂದೆ ಅಂಗೈಯಗಲದ ತೋಟಗಳು, ಬೆಳಿಗ್ಗೆ ಹೋಗಿ ಸಂಜೆ ಮರಳುವ ನೌಕರಸ್ಥರು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1896ರಲ್ಲಿ ಇಲ್ಲಿ ಮನೆ ಮಾಡಿ ಕೆಲಕಾಲ ಇದ್ದ. 1909ರಲ್ಲಿ ಬಂದ ಅವನ 'ಆನ್ ವೆರೋನಿಕಾ' ಕಾದಂಬರಿಯ ಮಾರ್ನಿಂಗ್‌ಸೈಡ್ ಪಾರ್ಕ್ ಇದೇ ಊರು ಎನ್ನುತ್ತಾರೆ. ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು, ಅದರ ನಾಯಕಿ ನಡೆದ ಹಾದಿಯಲ್ಲಿ ಒಂದು ದಿನ ನಡೆಯೋಣವೆಂದು ನಾನು ಇಲ್ಲಿಗೆ ಬಂದಿದ್ದೆ.

ಕಥೆ ಸರಳ. ಆನ್ ವೆರೋನಿಕಾ ಸ್ಟಾನ್ಲಿ ಇಪ್ಪತ್ತೊಂದು ದಾಟಿದ ಹುಡುಗಿ. ತಾಯಿಯಿಲ್ಲ. ತಂದೆ ವಕೀಲ, ಜೊತೆಗೆ ಸೋದರತ್ತೆ. ಹುಡುಗಿಗೆ ಜೀವಶಾಸ್ತ್ರ ಓದುವ ಹಂಬಲ. ಹೆಣ್ಣುಮಕ್ಕಳ ಕಾಲೇಜಿನ ಪಾಠ ಅವಳಿಗೆ ಸಾಲದು. ಇಂಪೀರಿಯಲ್ ಕಾಲೇಜಿನ ಪ್ರಯೋಗಶಾಲೆ ಬೇಕು. ತಂದೆ ಒಪ್ಪುವುದಿಲ್ಲ. ಗೆಳತಿಯರೊಡನೆ ಲಂಡನ್ನಿನ ನೃತ್ಯಕೂಟಕ್ಕೆ ಹೊರಟಾಗ ಆತ ಬಾಗಿಲಲ್ಲೇ ಅಡ್ಡ ನಿಂತು ತಡೆಯುತ್ತಾನೆ. ಮಗಳು ಪೆಟ್ಟಿಗೆ ಕಟ್ಟಿ ಮನೆ ಬಿಡುತ್ತಾಳೆ.

ಈ ತಂದೆ ದುಷ್ಟನಲ್ಲ. ಬಿಡುವಿನಲ್ಲಿ ಸೂಕ್ಷ್ಮದರ್ಶಕದಡಿ ಕಲ್ಲಿನ ಚೂರುಗಳನ್ನಿಟ್ಟು ನೋಡುವ ಸಾಧು ಮನುಷ್ಯ. ಮಗಳ ಮೇಲೆ ಪ್ರೀತಿಯಿದೆ. ಕಲ್ಲನ್ನು ಅಷ್ಟು ಗಮನವಿಟ್ಟು ನೋಡುವವನು ಮಗಳನ್ನು ಮಾತ್ರ ನೋಡಲಾರ, ಅಷ್ಟೆ. ಪುಸ್ತಕದ ಈ ಭಾಗ ಓದುವಾಗ ನನಗೆ ಸ್ವಲ್ಪ ಮುಜುಗರವಾಯಿತು. ನನ್ನ ಮಗಳು ದೂರದ ಊರಿನಲ್ಲಿ ಓದುತ್ತೇನೆಂದಾಗ, 'ಇಲ್ಲಿ ಕಾಲೇಜುಗಳಿಲ್ಲವೇ?' ಎಂದು ನಾನೂ ಕೇಳಿದವನೇ. ಅದು ಪ್ರಶ್ನೆಯಾಗಿರಲಿಲ್ಲ, ತೀರ್ಪಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ವಾಟರ್‌ಲೂಗೆ ಮರಳಿ ಸೇತುವೆಯ ಮೇಲೆ ನಿಂತೆ. ಮನೆ ಬಿಟ್ಟ ದಿನ ಆನ್ ವೆರೋನಿಕಾ ಥೇಮ್ಸ್ ನದಿಯನ್ನು ದಾಟಿದ್ದು ಇಲ್ಲೇ. ಅಂದಿನ ಹಳೆಯ ಕಲ್ಲಿನ ಸೇತುವೆ ಈಗಿಲ್ಲ. ಅದನ್ನು 1930ರ ದಶಕದಲ್ಲಿ ಕೆಡವಿದರು. ಈಗಿನದು ಎರಡನೆಯ ಮಹಾಯುದ್ಧದ ಕಾಲದ್ದು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಇದರ ಕೆಲಸಕ್ಕೆ ಹೆಂಗಸರು ಬಂದರು. 1945ರ ಉದ್ಘಾಟನೆಯ ಭಾಷಣದಲ್ಲಿ ಮಾತ್ರ ಹೊಗಳಿಕೆ ಸಿಕ್ಕಿದ್ದು ಗಂಡಸರಿಗೆ. ಆದರೂ ನದಿಯ ಮೇಲಿನ ದೋಣಿಯವರು ಇದನ್ನು 'ಹೆಂಗಸರ ಸೇತುವೆ' ಎಂದೇ ಕರೆಯುತ್ತ ಬಂದರು.

ಸೇತುವೆ ದಾಟಿದ ಹುಡುಗಿಗೆ ಲಂಡನ್ ಸುಲಭವಾಗಿ ಒಲಿಯಲಿಲ್ಲ. ಬೀದಿಯಲ್ಲಿ ಅಪರಿಚಿತನೊಬ್ಬ ಬೆನ್ನು ಹತ್ತುತ್ತಾನೆ. ಒಂಟಿ ಹೆಣ್ಣು ಎಂದರೆ ಮನೆ ಬಾಡಿಗೆಗೆ ಕೊಡುವವರ ಹುಬ್ಬು ಮೇಲೇರುತ್ತದೆ. ಹೇಗೋ ಒಂದು ಕೋಣೆ ಸಿಕ್ಕಿತು. ಕೈಯಲ್ಲಿದ್ದ ಹಣ ಮಾತ್ರ ಕರಗುತ್ತ ಬಂತು. ಆಗ ಅವಳು ಊರಿನ ನೆರೆಯವನಾದ ರ್‍ಯಾಮೇಜ್ ಎಂಬ ಮರ್ಯಾದಸ್ಥನಿಂದ 40 ಪೌಂಡ್ ಸಾಲ ಪಡೆಯುತ್ತಾಳೆ. ಅದೇ ಹಣದಲ್ಲಿ ಕಾಲೇಜು ಸೇರುತ್ತಾಳೆ.

ಕಾದಂಬರಿಯ ಆ ಪ್ರಯೋಗಶಾಲೆ ಇರುವುದು ಯೂಸ್ಟನ್ ರಸ್ತೆಗೂ ಗ್ರೇಟ್ ಪೋರ್ಟ್‌ಲ್ಯಾಂಡ್ ಬೀದಿಗೂ ನಡುವಣ ಮೂಲೆಯಲ್ಲಿ. ಕಟ್ಟಡದ ನೆತ್ತಿಯಲ್ಲಿದ್ದು, ರೀಜೆಂಟ್ಸ್ ಪಾರ್ಕಿನ ಕಡೆಗೆ ಮುಖಮಾಡಿದ ಕೋಣೆ ಅದು. ಅಲ್ಲಿ ಹೋಗಿ ಹುಡುಕಿದರೆ ಸಿಗಲಾರದು. ಅದು ಲೇಖಕನ ಕಲ್ಪನೆ. ಆದರೆ ಅದರ ಜೀವ ಸೌತ್ ಕೆನ್ಸಿಂಗ್ಟನ್‌ನಲ್ಲಿದೆ. ಸಣ್ಣ ಪಾತ್ರೆ ಅಂಗಡಿಯವನ ಮಗನಾದ ವೆಲ್ಸ್ 1884ರಲ್ಲಿ ವಿದ್ಯಾರ್ಥಿವೇತನದ ಬಲದಿಂದ ಅಲ್ಲಿನ ವಿಜ್ಞಾನ ಶಾಲೆಗೆ ಬಂದು, ಪ್ರಸಿದ್ಧ ವಿಜ್ಞಾನಿ ಟಿ. ಎಚ್. ಹಕ್ಸ್‌ಲಿಯವರ ಬಳಿ ಒಂದು ವರ್ಷ ಜೀವಶಾಸ್ತ್ರ ಕಲಿತ. ಆ ಕಟ್ಟಡ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಒಂದು ಭಾಗ. ಅದರ ಕೆಂಪು ಗೋಡೆಯ ಮುಂದೆ ನಿಂತಾಗ ಒಂದು ಮಾತು ಹೊಳೆಯಿತು. ಬಡ ಹುಡುಗನಿಗೆ ಸರಕಾರದ ವೇತನ ಸಿಕ್ಕಿತು. ಅವನ ಕಥೆಯ ಅನುಕೂಲಸ್ಥ ಮನೆಯ ಹುಡುಗಿಗೆ ಸಿಕ್ಕಿದ್ದು ಪರಪುರುಷನ ಸಾಲ.

ಆ ಸಾಲದ ಬಡ್ಡಿ ಏನೆಂಬುದು ಬೇಗ ತಿಳಿಯುತ್ತದೆ. ಊಟಕ್ಕೆಂದು ಕರೆದೊಯ್ದ ರ್‍ಯಾಮೇಜ್ ಹೋಟೆಲಿನ ಖಾಸಗಿ ಕೋಣೆಯ ಬಾಗಿಲು ಹಾಕುತ್ತಾನೆ. ಶಾಲೆಯಲ್ಲಿ ಕಲಿತ ಜುಜುತ್ಸು ಅವಳನ್ನು ಕಾಯುತ್ತದೆ. ಹೆತ್ತವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ತಂದೆ ಹಣದ ಚೀಲದ ಬಾಯಿ ಬಿಗಿದರೆ ಮಗಳ ಓದು ನಿಲ್ಲುತ್ತದೆಂದುಕೊಂಡ. ಓದು ನಿಲ್ಲಲಿಲ್ಲ; ಅವಳು ಕೈಚಾಚಬೇಕಾದ ಬಾಗಿಲು ಬದಲಾಯಿತು.

ಅಲ್ಲಿಂದ ವೆಸ್ಟ್‌ಮಿನ್‌ಸ್ಟರ್‌ಗೆ ಬಂದೆ. ಮನನೊಂದ ಆನ್ ವೆರೋನಿಕಾ ಮತದಾನದ ಹಕ್ಕಿಗಾಗಿ ಹೋರಾಡುವ ಹೆಂಗಸರನ್ನು ಸೇರಿ, ಪೀಠೋಪಕರಣ ಸಾಗಿಸುವ ಗಾಡಿಯಲ್ಲಿ ಅಡಗಿ ಪಾರ್ಲಿಮೆಂಟಿಗೆ ನುಗ್ಗಲು ಹೋಗುತ್ತಾಳೆ. ಇದು ಕಟ್ಟುಕಥೆಯಲ್ಲ; 1908ರ ಫೆಬ್ರವರಿಯಲ್ಲಿ ಹೋರಾಟಗಾರ್ತಿಯರು ಹೀಗೆಯೇ ಮಾಡಿದ್ದರು. ಕಾದಂಬರಿಯಲ್ಲಿ ಅವಳಿಗೆ ಒಂದು ತಿಂಗಳ ಸೆರೆವಾಸವಾಗುತ್ತದೆ. ನಿಜ ಬದುಕಿನಲ್ಲಿ ಇಂಥ ಹೆಂಗಸರನ್ನು ಕಳಿಸುತ್ತಿದ್ದುದು ಉತ್ತರ ಲಂಡನ್ನಿನ ಹಾಲೋವೇ ಜೈಲಿಗೆ. ಅದು 2016ರಲ್ಲಿ ಮುಚ್ಚಿತು. 30 ದಾಟಿದ, ಆಸ್ತಿಯ ಅರ್ಹತೆಯುಳ್ಳ ಮಹಿಳೆಯರಿಗೆ 1918ರಲ್ಲಿ ಮತ ಬಂತು. 21 ತುಂಬಿದ ಎಲ್ಲರಿಗೂ ಬಂದದ್ದು 1928ರಲ್ಲಿ. ಪಾರ್ಲಿಮೆಂಟ್ ಚೌಕದ ಪ್ರತಿಮೆಗಳ ನಡುವೆ ಮೊದಲ ಹೆಣ್ಣುಮಗಳಾಗಿ ಮಿಲಿಸೆಂಟ್ ಫಾಸೆಟ್ ನಿಂತದ್ದಂತೂ 2018ರಲ್ಲಿ!

ಪುಸ್ತಕ ಬಂದಾಗ ಗದ್ದಲವಾಯಿತು. ವೆಲ್ಸ್‌ನ ಪ್ರಕಾಶಕರಾದ ಮ್ಯಾಕ್‌ಮಿಲನ್‌ನವರು ಅಚ್ಚು ಹಾಕಲು ಒಪ್ಪಲಿಲ್ಲ. ಫಿಷರ್ ಅನ್‌ವಿನ್ ಪ್ರಕಟಿಸಿದರು. 'ಸ್ಪೆಕ್ಟೇಟರ್' ಪತ್ರಿಕೆ ಇದು ವಿಷವೆಂದು ಬರೆಯಿತು. ನಾಯಕಿ ಕೊನೆಗೆ ತನಗೆ ಕಲಿಸುತ್ತಿದ್ದ ಕೇಪ್ಸ್ ಎಂಬ ವಿವಾಹಿತನೊಡನೆ ಹೊರಟುಹೋಗುತ್ತಾಳೆಂಬುದು ಅಂದಿನವರ ಕೋಪಕ್ಕೆ ಕಾರಣ. ಇಂದಿನ ಓದುಗರ ತಕರಾರು ಬೇರೆ. ನಾಲ್ಕು ವರ್ಷಗಳ ನಂತರ ಅವಳು ಗೃಹಿಣಿಯಾಗಿ, ತಂದೆ ಮತ್ತು ಅತ್ತೆಗೆ ಊಟ ಬಡಿಸುವಲ್ಲಿ ಕಥೆ ಮುಗಿಯುತ್ತದೆ. ಮುನಿಸು ಕರಗುತ್ತದೆ, ನಿಜ. ಆದರೆ ಯಾವುದಕ್ಕಾಗಿ ಮನೆ ಬಿಟ್ಟಳೋ ಆ ಓದು ಏನಾಯಿತು? ಸ್ವಾತಂತ್ರ್ಯದ ಬಗ್ಗೆ ಇಷ್ಟು ಧೈರ್ಯವಾಗಿ ಬರೆದ ಲೇಖಕನೂ ನಾಯಕಿಯನ್ನು ಪ್ರಯೋಗಶಾಲೆಗೆ ಮರಳಿಸಲಿಲ್ಲ.

ಸಂಜೆ ಮತ್ತೆ ಸೇತುವೆ ದಾಟಿ ವಾಟರ್‌ಲೂಗೆ ಬಂದೆ. ಪುಸ್ತಕದ ಭಾರ ಬೆನ್ನಿಗೆ ಹೊರಿಸಿಕೊಂಡ ಹುಡುಗಿಯರು ಗುಂಪುಗುಂಪಾಗಿ ರೈಲು ಹಿಡಿಯಲು ಓಡುತ್ತಿದ್ದರು. ಅವರನ್ನು ಯಾರೂ ತಿರುಗಿ ನೋಡಲಿಲ್ಲ. ನಿಲ್ದಾಣದಿಂದಲೇ ಮಗಳಿಗೆ ಫೋನು ಮಾಡಿದೆ. ಈ ಸಲ ತೀರ್ಪು ಹೇಳಲಿಲ್ಲ. ಫೀಜು ಕಟ್ಟುವ ಕೊನೆಯ ದಿನ ಯಾವುದೆಂದು ಕೇಳಿದೆ.