ಐದು ನಿಮಿಷದ ಆಟಗಳು

ಕಂಪ್ಯೂಟರ್ ಆಟ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಹುಡುಗ. ಓದು ಬಿಟ್ಟು, ಊಟ ಬಿಟ್ಟು, ಬಾಗಿಲು ಹಾಕಿಕೊಂಡು ಗುಂಡು ಹಾರಿಸುತ್ತಿರುವ ಹುಡುಗ. ಪತ್ರಿಕೆಗಳು ಬರೆದದ್ದು ಅವನ ಬಗ್ಗೆ. ಜುಮಾ ಪ್ರವಚನಗಳಲ್ಲಿ ನಾವು ಕೇಳಿದ್ದೂ ಅವನ ಬಗ್ಗೆಯೇ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಪಬ್‌ಜಿಯನ್ನು ನಿಷೇಧಿಸಿದಾಗ ಎಷ್ಟೋ ತಾಯಂದಿರು ನೆಮ್ಮದಿಯ ಉಸಿರುಬಿಟ್ಟರು. ಆದರೆ ಆ ತಾಯಂದಿರ ಕೈಯ ಮೊಬೈಲಿನಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. ಅಲ್ಲಿ ಬಣ್ಣದ ಮಿಠಾಯಿಗಳನ್ನು ಮೂರು ಮೂರಾಗಿ ಜೋಡಿಸುವ ಆಟವಿತ್ತು. ಲೂಡೊ ಇತ್ತು. ಇವನ್ನು ಆಟವೆಂದು ಲೆಕ್ಕಕ್ಕೆ ಹಿಡಿದವರೇ ಇಲ್ಲ, ಆಡುವವರೂ ಹಿಡಿಯುವುದಿಲ್ಲ. "ನೀವು ಗೇಮ್ ಆಡುತ್ತೀರಾ?" ಎಂದು ಕೇಳಿದರೆ "ಛೇ, ನಮಗೆಲ್ಲಿ ಅದು" ಎಂದೇ ಉತ್ತರ ಬರುತ್ತದೆ.

ನಮ್ಮ ಬೇಡಕಿಹಾಳದ ಸುತ್ತಲಿನದು ಕಬ್ಬಿನ ಸೀಮೆ, ತಂಬಾಕಿನ ಸೀಮೆ. ನಿಪ್ಪಾಣಿಯ ತಂಬಾಕಿನ ಹೆಸರು ದೂರ ದೂರಕ್ಕೂ ಗೊತ್ತು. ಆದರೆ ಮನೆಯ ಮೂಲೆಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೆಸರು ಯಾರಿಗೂ ಬೇಕಿಲ್ಲ. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಎಲೆ ನೆನೆಸಬೇಕು, ಕತ್ತರಿಸಬೇಕು, ಸುತ್ತಬೇಕು, ಕಟ್ಟಬೇಕು. ನಡುವೆ ನಳದಲ್ಲಿ ನೀರು ಬಂತೆಂದರೆ ಏಳಬೇಕು. ಕುಕ್ಕರ್ ಕೂಗಿದರೆ ಏಳಬೇಕು. ಅಸರ್‌ನ ಅಝಾನ್ ಆದರೆ ಏಳಬೇಕು, ಮಗು ಅತ್ತರಂತೂ ಕೇಳುವುದೇ ಬೇಡ. ಹೀಗೆ ಹರಿದು ಚಿಂದಿಯಾದ ದಿನದಲ್ಲಿ ಅವಳದೇ ಎನ್ನಬಹುದಾದ ಒಂದು ಇಡೀ ಗಂಟೆ ಎಲ್ಲಿದೆ? ಇಲ್ಲಿ ಐದು ನಿಮಿಷ, ಅಲ್ಲಿ ಏಳು ನಿಮಿಷ, ಅಷ್ಟೆ.

ಈ ಸಣ್ಣ ಆಟಗಳು ಸರಿಯಾಗಿ ಆ ಐದು ನಿಮಿಷಕ್ಕೇ ಹೊಲಿದಂತಿವೆ. ಕಲಿಯಲು ಒಂದು ನಿಮಿಷ ಸಾಕು. ಒಂದು ಹೆಬ್ಬೆರಳು ಸಾಕು. ಸದ್ದು ಆರಿಸಿಡಬಹುದು. ಎಲ್ಲಿ ಬೇಕಾದರೂ ಬಿಟ್ಟು ಏಳಬಹುದು, ಮರಳಿ ಬಂದಾಗ ಆಟ ಸಿಟ್ಟಾಗುವುದಿಲ್ಲ. ಪಬ್‌ಜಿಯಲ್ಲಿ ನಡುವೆ ಎದ್ದು ಹೋಗಿ ಹಾಲು ಕಾಯಿಸಿ ಬರಲಾಗದು. ಮಿಠಾಯಿ ಆಟದಲ್ಲಿ ಆಗುತ್ತದೆ. ಇದರ ಆಕರ್ಷಣೆಯ ಅರ್ಧ ಗುಟ್ಟು ಇಷ್ಟೇ ಎಂದು ನಮಗನಿಸುತ್ತದೆ. ಉಳಿದರ್ಧ, ಅಸ್ತವ್ಯಸ್ತವಾಗಿದ್ದದ್ದು ತನ್ನ ಕೈಯಿಂದ ಓರಣವಾಗುವ ಸುಖ. ಮನೆಗೆಲಸದಲ್ಲಿ ಆ ಸುಖ ಸಿಗುವುದಿಲ್ಲ. ತೊಳೆದಿಟ್ಟ ಪಾತ್ರೆ ಸಂಜೆಗೆ ಮತ್ತೆ ಮುಸುರೆ.

ಇದು ಮೊಬೈಲಿನೊಂದಿಗೆ ಹುಟ್ಟಿದ ಸಂಗತಿಯಲ್ಲ. 1990ರಲ್ಲಿ ವಿಂಡೋಸ್ ಜೊತೆ ಸಾಲಿಟೇರ್ ಎಂಬ ಇಸ್ಪೀಟಿನ ಆಟ ಬಂದಾಗ, ಮೌಸ್ ಹಿಡಿಯುವುದೇ ಗೊತ್ತಿಲ್ಲದ ಗುಮಾಸ್ತರಿಗೆ ಎಲೆಗಳನ್ನು ಎಳೆದು ಬಿಡುವ ಅಭ್ಯಾಸವೂ ಅದರಿಂದಾಯಿತು. 2006ರಲ್ಲಿ ನ್ಯೂಯಾರ್ಕ್ ಮೇಯರ್ ಬ್ಲೂಮ್‌ಬರ್ಗ್ ಒಬ್ಬ ನೌಕರನ ಕಂಪ್ಯೂಟರಿನಲ್ಲಿ ಈ ಆಟ ಕಂಡು ಅವನನ್ನು ಕೆಲಸದಿಂದಲೇ ತೆಗೆದುಹಾಕಿದರು. (ನಮ್ಮ ತಾಲೂಕು ಕಚೇರಿಗಳಿಗೆ ಆ ಮೇಯರ್ ಬಂದಿದ್ದರೆ ಏನಾಗುತ್ತಿತ್ತೋ!) 1997ರಲ್ಲಿ ನೋಕಿಯಾ ಫೋನಿನಲ್ಲಿ ಹಾವಿನ ಆಟ ಬಂತು. ಹಳ್ಳಿಯ ಮನೆಗಳಿಗೆ ಆಟ ಕಾಲಿಟ್ಟದ್ದು ಆ ಹಾವಿನ ಬೆನ್ನೇರಿ.

ಗಂಡಸರಿಗೆ ಆಡಲು ನಮ್ಮ ಸೀಮೆಯಲ್ಲಿ ಜಾಗಕ್ಕೆ ಬರವಿಲ್ಲ. ಕುಸ್ತಿಯ ಕಣಗಳಿವೆ, ಕಬಡ್ಡಿಯ ಅಂಗಳಗಳಿವೆ. ಪಕ್ಕದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಕಾಲದ ಖಾಸಬಾಗ್ ಕುಸ್ತಿ ಮೈದಾನವೇ ಇದೆ. ಹೆಣ್ಣುಮಕ್ಕಳಿಗೆ ಇದ್ದದ್ದು ಪಂಚಮಿಯ ಜೋಕಾಲಿ. ಅದರಲ್ಲಿ ಹಿಂದೂ, ಮುಸ್ಲಿಮ್ ಎನ್ನದೆ ಓಣಿಯ ಹುಡುಗಿಯರೆಲ್ಲ ಜೀಕುತ್ತಿದ್ದರು. ಇನ್ನೊಂದು, ಮಧ್ಯಾಹ್ನದ ಚೌಕಾಬಾರ. ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಬದಿ ಬೆಳ್ಳಗೆ ಮಾಡಿಕೊಂಡರೆ ದಾಳ ಸಿದ್ಧ. ಆದರೆ ಚೌಕಾಬಾರಕ್ಕೆ ನಾಲ್ಕು ಜನ ಬೇಕು, ನಾಲ್ಕೂ ಜನರಿಗೆ ಒಂದೇ ಮಧ್ಯಾಹ್ನ ಬಿಡುವಿರಬೇಕು. ಆ ಒಟ್ಟು ಬಿಡುವು ಹೋಯಿತು, ಆಟವೂ ಹೋಯಿತು.

ಹೋದದ್ದು ಮೊಬೈಲಿನಲ್ಲಿ ಬೇರೆ ರೂಪದಲ್ಲಿ ಬಂತು. ಭಾರತದ ಪಚ್ಚೀಸಿಯನ್ನು ಸರಳಗೊಳಿಸಿ ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೊ ಎಂದು ಪೇಟೆಂಟ್ ಮಾಡಿಕೊಂಡಿದ್ದರು. 2016ರಲ್ಲಿ ನವಿ ಮುಂಬೈಯ ವಿಕಾಸ್ ಜೈಸ್ವಾಲ್ ಅವರ ಕಂಪೆನಿ ಅದನ್ನು ಲೂಡೊ ಕಿಂಗ್ ಆಗಿ ಮೊಬೈಲಿಗೆ ತಂದಿತು. ಅದರ ನಿಜವಾದ ಬೆಲೆ ನಮಗೆ ತಿಳಿದದ್ದು 2020ರಲ್ಲಿ. ನಮ್ಮೂರಿನ ಹೆಣ್ಣುಮಕ್ಕಳನ್ನು ಕೊಟ್ಟದ್ದು ಇಚಲಕರಂಜಿಗೆ, ಕಾಗಲಿಗೆ, ಮಿರಜಿಗೆ. ನಕಾಶೆಯಲ್ಲಿ ಬೇರೆ ರಾಜ್ಯ, ನಮಗೆ ಮಾತ್ರ ಪಕ್ಕದ ಓಣಿ. ಲಾಕ್‌ಡೌನಿನಲ್ಲಿ ಕೊಗನೊಳ್ಳಿಯ ಚೆಕ್‌ಪೋಸ್ಟ್ ಆ ಓಣಿಗೆ ಗೋಡೆ ಕಟ್ಟಿತು. ಆ ವರ್ಷದ ರಮಝಾನ್ ಈದ್‌ಗೆ ತವರಿಗೆ ಬರಲಾಗದ ಅಕ್ಕತಂಗಿಯರು ರಾತ್ರಿ ಹತ್ತರ ನಂತರ ಲೂಡೊದ ನಾಲ್ಕು ಬಣ್ಣಗಳಲ್ಲಿ ಕೂಡುತ್ತಿದ್ದರು. ಅಮ್ಮ ಕೆಂಪು, ಹಿರಿಯವಳು ಹಸಿರು. ಕಾಯಿ ಹೊಡೆದಾಗಿನ ಜಗಳ ಮಾತ್ರ ಹಳೆಯದೇ.

ದಾಳದ ಆಟವಾದ್ದರಿಂದ ಇದು ಸಲ್ಲದು ಎನ್ನುವ ವಿದ್ವಾಂಸರಿದ್ದಾರೆ. ದಾಳದ ಬಗ್ಗೆ ಕಟುವಾದ ಹದೀಸ್ ಇರುವುದೂ ನಿಜ. ಪಣವಿಲ್ಲದಿದ್ದರೆ ಅಡ್ಡಿಯಿಲ್ಲ ಎನ್ನುವವರೂ ಇದ್ದಾರೆ. ಚೆಸ್ ಕುರಿತಂತೂ ಇಮಾಮ್ ಶಾಫಿಈಯವರ ನಿಲುವು ಇತರ ಇಮಾಮರಷ್ಟು ಬಿಗಿಯಾಗಿರಲಿಲ್ಲ. ಫತ್ವಾ ಕೊಡುವುದು ನಮ್ಮ ಕೆಲಸವಲ್ಲ. ನಮ್ಮನ್ನು ಕಾಡುವುದು ಬೇರೆ. ಅಮ್ಮಂದಿರ ಲೂಡೊ ಬಗ್ಗೆ ಮಸೀದಿಯ ಜಗಲಿಯಲ್ಲಿ ಎದ್ದ ಪ್ರಶ್ನೆ, ಅದೇ ಜಗಲಿಯಲ್ಲಿ ಕುಳಿತವರ ಕ್ರಿಕೆಟ್ ಬೆಟ್ಟಿಂಗ್ ಬಗ್ಗೆ, ರಮ್ಮಿ ಆ್ಯಪ್ ಬಗ್ಗೆ ಏಕೆ ಅಷ್ಟೇ ಜೋರಾಗಿ ಏಳಲಿಲ್ಲ? ಕುರ್‌ಆನಿನ ಅಲ್ ಮಾಇದಃ ಅಧ್ಯಾಯ ಜೂಜನ್ನು ಮದ್ಯದ ಸಾಲಿನಲ್ಲಿಟ್ಟು ನಿಷೇಧಿಸಿದೆ, ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಉಳಿದವನ್ನು ಬೇರೆಯಾಗಿಡುವ ಕಾಯಿದೆಯನ್ನು ಸಂಸತ್ತು ಮಾಡಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಎಷ್ಟು ಮನೆಗಳ ಬಂಗಾರ ಗಿರವಿ ಸೇರಿತ್ತು!

ಹಾಗೆಂದು ಪುಕ್ಕಟೆ ಆಟಗಳು ಪೂರ್ತಿ ಮುಗ್ಧವೇನಲ್ಲ. 2012ರಲ್ಲಿ ಬಂದ ಕ್ಯಾಂಡಿ ಕ್ರಶ್ ನಿಮಗೆ ಐದು ಜೀವ ಕೊಡುತ್ತದೆ. ಸೋತು ಕಳೆದುಕೊಂಡ ಪ್ರತಿ ಜೀವ ಮರಳಲು ಅರ್ಧ ಗಂಟೆ ಕಾಯಬೇಕು, ಕಾಯಲಾಗದವರು ದುಡ್ಡು ಕೊಡಬೇಕು. ಹೆಚ್ಚಿನವರು ಬಿಡಿಗಾಸನ್ನೂ ಕೊಡುವುದಿಲ್ಲ, ಕಾಯುತ್ತಾರೆ. ಕೆಲವರು ಕೊಟ್ಟದ್ದರಲ್ಲೇ ಕಂಪೆನಿ ಎಷ್ಟು ಬೆಳೆಯಿತೆಂದರೆ 2016ರಲ್ಲಿ ಅದು 590 ಕೋಟಿ ಡಾಲರಿಗೆ ಮಾರಾಟವಾಯಿತು. ಗೃಹಿಣಿಯ ಐದು ನಿಮಿಷವನ್ನು ಮನೆಯವರು ಗುರುತಿಸುವ ಮೊದಲೇ ವ್ಯಾಪಾರಿ ಗುರುತಿಸಿದ್ದ. ಚೌಕಾಬಾರ ಯಾರಾದರೊಬ್ಬರ ಕಾಯಿಗಳು ಹಣ್ಣಾದಾಗ ಮುಗಿಯುತ್ತಿತ್ತು. ಇದು ಮುಗಿಯುವುದಿಲ್ಲ. ಸಾವಿರ ಹಂತ ದಾಟಿದರೆ ಮುಂದೆ ಇನ್ನೂ ಸಾವಿರಗಳಿವೆ. ಬಿಡುವನ್ನು ಆರೋಗ್ಯದ ಜೊತೆಗಿಟ್ಟು ದೊಡ್ಡ ಅನುಗ್ರಹವೆಂದವರು ಪ್ರವಾದಿವರ್ಯರು(ಸ). ಅದನ್ನು ಕಳೆದುಕೊಳ್ಳುವ ಭಯ ನಮಗೂ ಇದೆ. ಆದರೆ ಕಳೆದುಕೊಳ್ಳಲು ಮೊದಲು ಅವಳಿಗೊಂದಿಷ್ಟು ಬಿಡುವು ಸಿಗಬೇಕಲ್ಲ?

ನಮ್ಮ ಬಳಗದಲ್ಲೊಬ್ಬ ಚಿಕ್ಕಮ್ಮ ಇದ್ದಾರೆ. ನಾಲ್ಕನೆಯ ತರಗತಿಗೆ ಶಾಲೆ ಬಿಡಿಸಿದ್ದರು. ಅವರ ಫೋನು ರಿಪೇರಿಗೆ ಹೋದಾಗ ಮಗನಿಗೆ ತಿಳಿಯಿತು, ಅವರು ಮಿಠಾಯಿ ಆಟದಲ್ಲಿ 2,300ನೆಯ ಹಂತದಲ್ಲಿದ್ದರು. ಮಗ ಡಿಪ್ಲೊಮಾ ಓದಿದವನು, ನಾಲ್ಕುನೂರರಲ್ಲೇ ಸಿಕ್ಕಿಕೊಂಡಿದ್ದ. ಹೇಗೆ ದಾಟಿದೆ ಎಂದು ಕೇಳಿದ. ಚಿಕ್ಕಮ್ಮ ಮೊರವನ್ನು ಪಕ್ಕಕ್ಕಿಟ್ಟು, ಕೆಳಗಿನ ಸಾಲನ್ನು ಮೊದಲು ಒಡೆಯಬೇಕು, ಆಗ ಮೇಲಿನವು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ ಎಂದು ಅರ್ಧ ಗಂಟೆ ವಿವರಿಸಿದರು.