ಹೆಸರಿಟ್ಟವನು

ಇಲ್ಲಿ ಬರೆಯದೆ ತುಂಬಾ ದಿನವಾಯ್ತು. ಬರೀಬೇಕು ಅಂತ ಕೂತಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಕೊನೆಗೂ ಬರೆಸಿದ್ದು ಒಂದು ಪದ.

ಆದದ್ದಿಷ್ಟು. ಗೆಳೆಯರೊಬ್ಬರು ಇಂಗ್ಲಿಷ್ ಲೇಖನವೊಂದನ್ನು ಕೊಟ್ಟು, ಕನ್ನಡಕ್ಕೆ ಮಾಡಿಕೊಡಿ ಅಂದಿದ್ದರು. ಯುರೋಪಿನ ಯೆಹೂದಿಗಳ ಇತಿಹಾಸದ ಕುರಿತದ್ದು. ಎರಡನೇ ಪ್ಯಾರಾದಲ್ಲೇ ‘ಆಂಟಿಸೆಮಿಟಿಸಂ’ ಎದುರಾಯ್ತು. ‘ಸೆಮಿಟಿಕ್ ವಿರೋಧಿ ಧೋರಣೆ’ ಅಂತ ಹಾಕಿ ಮುಂದೆ ಹೋದೆ. ರಾತ್ರಿ ಊಟವಾದ ಮೇಲೆ ಓದಿ ನೋಡಿದರೆ ನಾನು ಬರೆದದ್ದು ನನಗೇ ಅರ್ಥವಾಗಲಿಲ್ಲ. ಸೆಮಿಟಿಕ್ ಅನ್ನೋದು ಭಾಷೆಗಳ ಒಂದು ಕುಟುಂಬದ ಹೆಸರು. ಹೀಬ್ರೂ ಅದರಲ್ಲಿದೆ, ಅರೇಬಿಕ್ ಇದೆ, ಇಥಿಯೋಪಿಯಾದ ಅಮ್ಹಾರಿಕ್ ಕೂಡ ಇದೆ. ಭಾಷೆಗಳ ಕುಟುಂಬವನ್ನು ಯಾರಾದರೂ ಯಾಕೆ ದ್ವೇಷಿಸುತ್ತಾರೆ? ವ್ಯಾಕರಣದ ಮೇಲೆ ಅಷ್ಟೊಂದು ಸಿಟ್ಟೇ? (ಹೈಸ್ಕೂಲಿನಲ್ಲಿ ನನಗಿತ್ತು, ಆ ಮಾತು ಬೇರೆ.)

ಈ ವಕ್ರ ಪದ ಹುಟ್ಟಿದ್ದು ಎಲ್ಲಿ ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ವಿಲ್ಹೆಲ್ಮ್ ಮಾರ್. ಜರ್ಮನಿಯ ಪತ್ರಕರ್ತ. ಹುಟ್ಟಿದ್ದು 1819ರಲ್ಲಿ ಮ್ಯಾಗ್ಡೆಬರ್ಗ್‌ನಲ್ಲಿ, ಸತ್ತದ್ದು 1904ರಲ್ಲಿ ಹ್ಯಾಂಬರ್ಗ್‌ನಲ್ಲಿ. ಎಂಬತ್ತನಾಲ್ಕು ವರ್ಷ ಬದುಕಿದ ಈ ಮನುಷ್ಯನನ್ನು ಇವತ್ತು ಯಾರಾದರೂ ನೆನೆಯುವುದಿದ್ದರೆ ಅದು ಈ ಒಂದು ಪದಕ್ಕಾಗಿ.

ಇಂಥವನ ಬಗ್ಗೆ ಓದುವ ಮೊದಲೇ ನನ್ನ ತಲೆಯಲ್ಲಿ ಒಂದು ಚಿತ್ರ ತಯಾರಾಗಿತ್ತು. ಗಂಟು ಮುಖದ ಮುದುಕ, ಹಳೇ ಸಂಪ್ರದಾಯಸ್ಥ, ಚರ್ಚಿನ ಕಟ್ಟಾಳು. ಅದರಲ್ಲಿ ಒಂದೂ ಹೊಂದಲಿಲ್ಲ. ಅಪ್ಪ ಹೈನ್ರಿಚ್ ಮಾರ್ ಹೆಸರಾಂತ ರಂಗನಟ, ನಿರ್ದೇಶಕ. ಮಗ ವ್ಯಾಪಾರ ಕಲಿತು ಒಂದಷ್ಟು ದಿನ ವಿಯೆನ್ನಾದಲ್ಲಿ ಕೆಲಸ ಮಾಡಿ, 1841ರಲ್ಲಿ ಜ್ಯೂರಿಕ್‌ಗೆ ಹೋದ. ಅಲ್ಲಿ ಕವಿ ಹೆರ್ವೆಗ್‌ನಂಥ ದೇಶಭ್ರಷ್ಟ ಕ್ರಾಂತಿಕಾರಿಗಳ ಸಹವಾಸ. ಎಡಪಂಥೀಯ ಚಟುವಟಿಕೆ ಜಾಸ್ತಿಯಾಯ್ತು ಅಂತ 1843ರಲ್ಲಿ ಜ್ಯೂರಿಕ್‌ನವರು ಹೊರಹಾಕಿದರು. ಲೊಸಾನ್‌ಗೆ ಹೋಗಿ ಪತ್ರಿಕೆ ಮಾಡಿದ. 1845ರಲ್ಲಿ ಅಲ್ಲಿಂದಲೂ ಗಡೀಪಾರು. ದೇವರನ್ನು ನಂಬದವನು, ರಾಜರನ್ನು ಸಹಿಸದವನು. ಹ್ಯಾಂಬರ್ಗ್‌ಗೆ ಬಂದು ‘ಮೆಫಿಸ್ಟೋಫಿಲೀಸ್’ ಅಂತ ವಿಡಂಬನೆಯ ಪತ್ರಿಕೆ ಶುರುಮಾಡಿದ. 1848ರ ಕ್ರಾಂತಿಯಲ್ಲಿ ಪ್ರಜಾಪ್ರಭುತ್ವವಾದಿಗಳ ಕಡೆ ನಿಂತ.

ಅಂದರೆ ಅವತ್ತಿನ ಲೆಕ್ಕದಲ್ಲಿ ಅವನು ‘ನಮ್ಮವನು’. ಪೆನ್ನು ಹಿಡಿದವರಿಗೆ, ಪ್ರಶ್ನೆ ಕೇಳುವವರಿಗೆ ಇಷ್ಟವಾಗುವಂಥವನು. ಆ ವಯಸ್ಸಿನಲ್ಲಿ ಸಿಕ್ಕಿದ್ದರೆ ನಾನೇ ಅವನ ಜೊತೆ ಕೂತು ಕಾಫಿ ಕುಡಿಯುತ್ತಿದ್ದೆನೇನೋ.

ಕ್ರಾಂತಿ ಸೋತಿತು. 1852ರಲ್ಲಿ ಅದೃಷ್ಟ ಹುಡುಕಿಕೊಂಡು ಮಧ್ಯ ಅಮೆರಿಕಕ್ಕೆ, ಕೋಸ್ಟರಿಕಾಕ್ಕೆ ಹೋದ. ಅಲ್ಲೇನೂ ಗಿಟ್ಟದೆ 1859ರಲ್ಲಿ ಹ್ಯಾಂಬರ್ಗ್‌ಗೆ ವಾಪಸ್ಸು. ಅಲ್ಲಿನ ಶಾಸನಸಭೆಗೂ ಆಯ್ಕೆಯಾದ. ಅಷ್ಟರಲ್ಲಿ ಊರು ಬದಲಾಗಿತ್ತು. ಗೇಬ್ರಿಯಲ್ ರೀಸರ್ ಅನ್ನುವ ಯೆಹೂದಿ ವಕೀಲ, ತನ್ನ ಜನಕ್ಕೆ ಸಮಾನ ಹಕ್ಕು ಬೇಕೆಂದು ಇಡೀ ಆಯುಷ್ಯ ಹೋರಾಡಿದವರು, 1860ರಲ್ಲಿ ಹ್ಯಾಂಬರ್ಗ್‌ನಲ್ಲಿ ನ್ಯಾಯಾಧೀಶರಾದರು. ಜರ್ಮನಿಯಲ್ಲಿ ಆ ಹುದ್ದೆಗೆ ಏರಿದ ಮೊದಲ ಯೆಹೂದಿ ಅವರೇ. ಮಾರ್‌ಗೂ ಅವರಿಗೂ ರಾಜಕೀಯವಾಗಿ ಆಗಿಬರಲಿಲ್ಲ. ಹಕ್ಕು ಸಿಕ್ಕಿದ ಮೇಲೆ ಇವರೆಲ್ಲ ಸೌಮ್ಯವಾದಿಗಳ ಜೊತೆ ಸೇರಿ ನಮ್ಮ ಕ್ರಾಂತಿಗೆ ಕೈಕೊಟ್ಟರು ಅನ್ನೋದು ಅವನ ದೂರು. 1862ರಲ್ಲಿ ‘ಯೆಹೂದಿ ಕನ್ನಡಿ’ ಅನ್ನುವ ಅರ್ಥ ಬರುವ ಪುಸ್ತಿಕೆಯೊಂದನ್ನು ಅಚ್ಚುಹಾಕಿಸಿ ಕಾರಿಕೊಂಡ. ಅದೇ ವರ್ಷ ಸಭೆಯ ಸ್ಥಾನವೂ ಹೋಯ್ತು.

ನಾನು ಇಲ್ಲಿ ಸ್ವಲ್ಪ ಹೊತ್ತು ನಿಂತೆ. ಶುರುವಾಗಿದ್ದು ಒಬ್ಬರ ಜೊತೆಗಿನ ರಾಜಕೀಯ ಜಗಳ. ರೀಸರ್ ಮೇಲಿನ ಸಿಟ್ಟು ರೀಸರ್ ಮೇಲೇ ಉಳಿದಿದ್ದರೆ ಎಲ್ಲ ಊರಿನಲ್ಲೂ ಇರುವ ಕಥೆಯಾಗುತ್ತಿತ್ತು. ‘ಅವನು ಹೀಗೆ’ ಅನ್ನೋದು ‘ಅವರೇ ಹೀಗೆ’ ಆಗುವ ಹೊತ್ತಿದೆಯಲ್ಲ, ಅದು ಎಷ್ಟು ಸದ್ದಿಲ್ಲದೆ ಬರುತ್ತದೆ ಅಂದರೆ, ಅವನ ಬದುಕಿನ ವಿವರಗಳಲ್ಲಿ ಹುಡುಕಿದರೂ ಆ ದಿನ ಯಾವುದು ಅಂತ ಬೆರಳಿಟ್ಟು ತೋರಿಸಲು ನನಗಾಗಲಿಲ್ಲ.

ಮದುವೆಗಳ ಕಥೆ ಇನ್ನೂ ವಿಚಿತ್ರ. ನಾಲ್ಕು ಮದುವೆ. ಮೊದಲನೆಯಾಕೆ, ಯೆಹೂದಿ ಧರ್ಮ ಬಿಟ್ಟಿದ್ದ ವ್ಯಾಪಾರಿಯೊಬ್ಬನ ಮಗಳು, 1873ರಲ್ಲಿ ವಿಚ್ಛೇದನ. ಎರಡನೆಯಾಕೆ ಹೆಲೆನ್, ಯೆಹೂದಿ. 1874ರಲ್ಲಿ ಮದುವೆಯಾಗಿ ಅದೇ ವರ್ಷ ತೀರಿಕೊಂಡಳು. ಮೂರನೆಯಾಕೆಯ ತಂದೆತಾಯಿಯರಲ್ಲಿ ಒಬ್ಬರು ಯೆಹೂದಿ. ಒಬ್ಬ ಮಗ ಹುಟ್ಟಿದ, 1877ರಲ್ಲಿ ವಿಚ್ಛೇದನ. ನಾಲ್ಕನೆಯಾಕೆ ಮಾತ್ರ ಹ್ಯಾಂಬರ್ಗ್‌ನ ಕೂಲಿಕಾರನೊಬ್ಬನ ಮಗಳು. ಜನ ಸುಮ್ಮನಿರುತ್ತಾರಾ? ಮಾರ್ ಸ್ವತಃ ಯೆಹೂದಿ ಅಂತಲೇ ಪುಕಾರು ಎದ್ದಿತು. ಅದು ಸುಳ್ಳು. ಆದರೆ ಅವನು ಯಾರ ವಿರುದ್ಧ ಬರೆದನೋ ಅವರ ಮನೆಯೊಳಗೆ ಉಂಡು, ಮಲಗಿ, ಅತ್ತಿದ್ದ. ದೂರದಿಂದ ನೋಡಿ ಹೆದರಿದವನಲ್ಲ. ‘ಹತ್ತಿರದಿಂದ ಕಂಡರೆ ದ್ವೇಷ ತಾನಾಗಿ ಕರಗುತ್ತೆ’ ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಇನ್ನು ಮುಂದೆ ಹೇಳುವಾಗ ಇವನು ನೆನಪಿಗೆ ಬರುತ್ತಾನೆ.

1879. ಹೊಸ ಜರ್ಮನ್ ಸಾಮ್ರಾಜ್ಯಕ್ಕೆ ಎಂಟು ವರ್ಷ. ಯೆಹೂದಿಗಳಿಗೆ ಕಾನೂನಿನ ಸಮಾನತೆ ಸಿಕ್ಕಿ ಹತ್ತೇ ವರ್ಷ. ಒಟ್ಟು ಜನರಲ್ಲಿ ಅವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. 1873ರಲ್ಲಿ ಷೇರುಪೇಟೆ ಕುಸಿದು ಎಷ್ಟೋ ಮನೆ ಮುಳುಗಿದ್ದವು. ಯಾರನ್ನಾದರೂ ಬೈಯಬೇಕಿತ್ತು. ಒಟ್ಟೋ ಗ್ಲಾಗೌ ಅನ್ನುವ ಇನ್ನೊಬ್ಬ ಪತ್ರಕರ್ತ ‘ಗಾರ್ಟನ್‌ಲೌಬೆ’ ಅನ್ನುವ ಮನೆಮಂದಿಯೆಲ್ಲ ಓದುವ ವಾರಪತ್ರಿಕೆಯಲ್ಲಿ ಷೇರು ಮೋಸದ ಬಗ್ಗೆ ಬರೆಯುತ್ತಾ ಬೆರಳನ್ನು ಆಗಲೇ ಆ ಕಡೆ ತೋರಿಸಿದ್ದ. ಆ ಹೊತ್ತಿಗೆ ಸರಿಯಾಗಿ ಬಂತು ಮಾರ್‌ನ ಪುಸ್ತಿಕೆ. ಜರ್ಮನರ ಮೇಲೆ ಯೆಹೂದಿಗಳ ವಿಜಯ ಅನ್ನೋದು ಅದರ ತಲೆಬರಹ. ಧರ್ಮದ ದೃಷ್ಟಿಯಿಂದಲ್ಲ ಅಂತ ತಲೆಬರಹದ ಕೆಳಗೇ ಬೇರೆ ಹೇಳಿಕೊಂಡಿದ್ದ. ಅದೊಂದೇ ವರ್ಷದಲ್ಲಿ ಹನ್ನೆರಡು ಮುದ್ರಣ!

ಇಡೀ ಕಥೆಯ ಕೀಲಿ ಇರುವುದು ಆ ಉಪಶೀರ್ಷಿಕೆಯಲ್ಲೇ ಅಂತ ನನಗನ್ನಿಸುತ್ತದೆ. ಹಳೇ ದ್ವೇಷ ಧರ್ಮದ್ದು. ಅದರಲ್ಲಿ ಒಂದು ಕಿಂಡಿಯಾದರೂ ಇತ್ತು, ಮತಾಂತರವಾದರೆ ಬಿಟ್ಟಾರು. ಮಾರ್ ಆ ಕಿಂಡಿಯನ್ನೂ ಮುಚ್ಚಿದ. ಇದು ನಂಬಿಕೆಯ ವಿಷಯ ಅಲ್ಲ, ರಕ್ತದ್ದು, ಜನಾಂಗದ್ದು ಅಂದ. ಜನಾಂಗವನ್ನು ಯಾವ ನೀರು ಚಿಮುಕಿಸಿ ಬದಲಿಸುವುದು?

ಇದಕ್ಕೆ ಹಳೇ ಹೆಸರು ಸಾಲದು. ‘ಯೆಹೂದಿ ದ್ವೇಷ’ ಅಂತ ಜರ್ಮನ್‌ನಲ್ಲಿ ನೇರವಾದ ಪದ ಮೊದಲಿನಿಂದಲೂ ಇತ್ತು. ಆದರೆ ದ್ವೇಷ ಅನ್ನುವುದು ಓದಿದವರ ಬಾಯಲ್ಲಿ ಚೆನ್ನಾಗಿರುವುದಿಲ್ಲ ನೋಡಿ. ಅದೇ ವರ್ಷದ ಕೊನೆಯಲ್ಲಿ ಮಾರ್ ಬರ್ಲಿನ್ನಿನಲ್ಲಿ ಒಂದು ಸಂಘ ಕಟ್ಟಿದ, ಅದಕ್ಕೆ ‘ಆಂಟಿಸೆಮೈಟ್’ ಅನ್ನುವ ಪದ ಸೇರಿಸಿ ಹೆಸರಿಟ್ಟ. ಪದ ಅಲ್ಲಿಂದ ಬೀದಿಗೆ ಬಿತ್ತು. ತಮಾಷೆಯೆಂದರೆ ಹನ್ನೆರಡು ಮುದ್ರಣ ಕಂಡ ಆ ಪುಸ್ತಿಕೆಯೊಳಗೆ ಈ ಪದವೇ ಇಲ್ಲ. ಪದ ಮೊದಲು ಹೊಳೆದದ್ದೂ ಅವನಿಗಲ್ಲ ಅನ್ನಬಹುದು. 1860ರಲ್ಲೇ ಮೊರಿಟ್ಜ್ ಸ್ಟೈನ್‌ಶ್ನೈಡರ್ ಅನ್ನುವ ಯೆಹೂದಿ ವಿದ್ವಾಂಸ, ಫ್ರಾನ್ಸಿನ ಎರ್ನೆಸ್ಟ್ ರೆನಾನ್‌ನ ಪೂರ್ವಗ್ರಹಗಳನ್ನು ಟೀಕಿಸುತ್ತಾ ‘ಆಂಟಿಸೆಮಿಟಿಕ್’ ಅಂತ ಬಳಸಿದ್ದರು. ಅಲ್ಲಿ ಅದು ಬೈಗುಳ. ಇಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ.

ಭಾಷೆಗಳ ಹೆಸರು ಜನರ ಮೈಗೆ ಅಂಟಿಕೊಳ್ಳುವ ರೋಗ ನಮಗೂ ಹೊಸದಲ್ಲ. ನೋಹನ ಮಗ ಶೇಮ್‌ನ ಹೆಸರಿನಿಂದ ‘ಸೆಮಿಟಿಕ್’ ಅಂತ ಭಾಷೆಗಳನ್ನು ಕರೆದದ್ದು ಶ್ಲೋಟ್ಸರ್, 1781ರಲ್ಲಿ. ‘ದ್ರಾವಿಡ’ವನ್ನು ಭಾಷೆಗಳ ಗುಂಪಿನ ಹೆಸರಾಗಿ ನೆಲೆಗೊಳಿಸಿದ್ದು ಕಾಲ್ಡ್‌ವೆಲ್ಲರ 1856ರ ವ್ಯಾಕರಣ, ನಮ್ಮ ಕನ್ನಡ ಬರುವುದು ಅದರಲ್ಲೇ. ಆರ್ಯ ಅನ್ನೋದು ಭಾಷೆಯ ಮಾತು, ರಕ್ತದ ಮಾತಲ್ಲ ಅಂತ ಮ್ಯಾಕ್ಸ್ ಮುಲ್ಲರ್ 1888ರಲ್ಲಿ ತಲೆ ಚಚ್ಚಿಕೊಂಡರು. ಯಾರು ಕೇಳಿದರು?

ಮಾರ್‌ನ ಸಂಘ ಬಹಳ ದಿನ ಬಾಳಲಿಲ್ಲ. ಪದ ಬಾಳಿತು. ಪ್ರೊಫೆಸರುಗಳು, ಪಾದ್ರಿಗಳು ಕೈಗೆತ್ತಿಕೊಂಡರು. ಯೆಹೂದಿಗಳ ಹಕ್ಕು ಮೊಟಕು ಮಾಡಿ ಅಂತ 1881ರಲ್ಲಿ ಬಿಸ್ಮಾರ್ಕ್‌ಗೆ ಕೊಟ್ಟ ಮನವಿಗೆ ಸುಮಾರು ಎರಡೂವರೆ ಲಕ್ಷ ಸಹಿ ಇದ್ದವು. ಹೊಸ ನಾಯಕರು ಬಂದರು, ಮಾರ್ ಮೂಲೆಗೆ ಸರಿದ. 1891ರಲ್ಲಿ ಒಂದು ಬರಹ ಬರೆದಿಟ್ಟ, ಆಂಟಿಸೆಮೈಟ್ ಒಬ್ಬನ ಉಯಿಲು ಅಂತ. ಈ ಚಳವಳಿ ಒಂದು ದಂಧೆಯಾಗಿದೆ ಅಂತ ಅದರಲ್ಲಿ ಹಳೇ ಸಂಗಡಿಗರನ್ನು ಝಾಡಿಸಿದ್ದಾನೆ. ಜನರ ಕಷ್ಟದ ಮೂಲ ಯಂತ್ರಯುಗದ ಏರುಪೇರು, ನಾನು ಅದನ್ನು ಒಂದು ಜನದ ತಲೆಗೆ ಕಟ್ಟಿ ತಪ್ಪು ಮಾಡಿದೆ ಅಂತ ಕೊನೆಗೆ ಯೆಹೂದಿಗಳ ಕ್ಷಮೆ ಕೇಳಿದ ಅನ್ನುತ್ತಾರೆ ಅವನ ಜೀವನಚರಿತ್ರೆ ಬರೆದ ಇಸ್ರೇಲಿನ ಇತಿಹಾಸಕಾರ ಮೋಷೆ ಜಿಮ್ಮರ್‌ಮನ್. ಅದು ಪಶ್ಚಾತ್ತಾಪವೋ, ಪಂಕ್ತಿಯಿಂದ ಎಬ್ಬಿಸಿದವನ ಮುನಿಸೋ? ಎರಡೂ ಇರಬಹುದು. ಆ ಬರಹ ಅವನು ಬದುಕಿರುವಾಗ ಅಚ್ಚಾಗಲೇ ಇಲ್ಲ. ವಿಷಕ್ಕೆ ಹನ್ನೆರಡು ಮುದ್ರಣ, ಮದ್ದಿಗೆ ಒಂದೂ ಇಲ್ಲ. ಅವನು ಸತ್ತು ನಲವತ್ತು ವರ್ಷವಾಗುವುದರೊಳಗೆ ಏನಾಯ್ತು ಅಂತ ನಿಮಗೆ ಗೊತ್ತೇ ಇದೆ. ಅರವತ್ತು ಲಕ್ಷ ಜನ.

ಇದನ್ನು ಓದುತ್ತಿದ್ದ ರಾತ್ರಿ ನನಗೆ ನೆನಪಾದದ್ದು ಹಾಸ್ಟೆಲ್ಲು. ಅದನ್ನು ಇದಕ್ಕೆ ಹೋಲಿಸುವುದು ಅಧಿಕಪ್ರಸಂಗ, ಗೊತ್ತು. ಆದರೂ ನೆನಪಾಯ್ತು. ಮೊದಲ ವರ್ಷ ನಮ್ಮ ರೂಮಿಗೆ ಒಬ್ಬ ಹುಡುಗ ಬಂದ. ನಮ್ಮದೆಲ್ಲ ಸೂಟ್‌ಕೇಸು, ಅವನದು ಹಸಿರು ಬಣ್ಣದ ಕಬ್ಬಿಣದ ಟ್ರಂಕು. ಬಸ್‌ಸ್ಟ್ಯಾಂಡಿನಿಂದ ತಲೆ ಮೇಲೆ ಹೊತ್ತು ತಂದಿದ್ದ. ನಾನು ‘ಟ್ರಂಕು’ ಅಂದೆ. ಎಲ್ಲರೂ ನಕ್ಕರು. ಒಂದು ವಾರದಲ್ಲಿ ಅವನ ಹೆಸರು ಅದಾಯ್ತು. ಮೆಸ್ಸಿನ ಭಟ್ಟರೂ ಹಾಗೇ ಕರೆಯತೊಡಗಿದರು. ಮೂರನೇ ವರ್ಷ ನಾನೊಬ್ಬನೇ ಅವನನ್ನು ಹೆಸರು ಹಿಡಿದು ಕರೆಯಲು ಶುರುಮಾಡಿದೆ. ಉಳಿದವರಿಗೆ ಯಾರ ಬಗ್ಗೆ ಮಾತಾಡ್ತಿದ್ದೀನಿ ಅಂತಲೇ ತಿಳಿಯುತ್ತಿರಲಿಲ್ಲ. ಇವತ್ತು ನಮ್ಮ ವಾಟ್ಸಾಪ್ ಗುಂಪಿನಲ್ಲೂ ಅವನು ಟ್ರಂಕು.

ಮರುದಿನ ಫೋನ್ ಮಾಡಿದೆ. ಆ ಕಡೆ ಈ ಕಡೆ ಮಾತಾಡಿ ಕೊನೆಗೆ, “ಲೋ, ಆ ಹೆಸರು ಇಟ್ಟಿದ್ದು ನಾನು ಕಣೋ. ತಪ್ಪಾಯ್ತು” ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ.

“ನೀನಾ?” ಅಂದ. ಆಮೇಲೆ ನಮ್ಮದೇ ಬ್ಯಾಚಿನ ಇನ್ನೊಬ್ಬನ ಹೆಸರು ಹೇಳಿದ. “ಅವನು ಅಂದ್ಕೊಂಡಿದ್ದೆ ಮಾರಾಯ. ಅವನ ಮದುವೆಗೂ ಹೋಗ್ಲಿಲ್ಲ ನಾನು.”

ಅನುವಾದ ಮೊನ್ನೆ ಕಳಿಸಿದೆ. 2021ರಲ್ಲಿ ಅಸೋಸಿಯೇಟೆಡ್ ಪ್ರೆಸ್‌ನವರು ಇಂಗ್ಲಿಷಿನ ಆ ಪದದ ನಡುವಿನ ಅಡ್ಡಗೆರೆ ತೆಗೆದರಂತೆ, ‘ಸೆಮಿಟಿಸಂ’ ಅನ್ನೋದು ಎಲ್ಲೋ ಇದೆ ಅಂತ ಜನ ತಿಳಿಯಬಾರದು ಅಂತ. ನಮಗೆ ಆ ತಾಪತ್ರಯ ಇಲ್ಲ. ಇಡೀ ಲೇಖನದಲ್ಲಿ ಹನ್ನೊಂದು ಕಡೆ ಬಂದಿತ್ತು. ಹನ್ನೊಂದೂ ಕಡೆ ‘ಯೆಹೂದಿ ದ್ವೇಷ’ ಅಂತಲೇ ಬರೆದೆ.